ಗ್ರಹಣ ಬಿಡಿಸುವವರು

“ಹರಾಮಖೋರ ರಾಂಡ! ಧಟ್ಟೀಕಟ್ಟೀ ಆಹೇಸ, ಕಾಮ ಕರ ಕೀ!”

ವಕೀಲ ಅವಧೂತರಾಯರು ಮಹಡಿಯ ಕಿಟಕಿಯಿಂದ ಬಗ್ಗಿ ಬೈದರು. ಗಟ್ಟಿಮುಟ್ಟಾಗಿದ್ದೀಯಲ್ಲ, ದುಡಿದು ತಿನ್ನು ಎಂಬ ಈ ಉಪದೇಶ ಭೀಮವ್ವನಿಗೆ ಹೊಸದೇನಲ್ಲ. ಪುಣೆಯ ಪೇಟೆಗಳಲ್ಲಿ ಒಂಬತ್ತು ವರ್ಷ ಕೈಚಾಚಿದವಳು ಅವಳು.

“ಕೆಲಸ ಕೊಡ್ರಿ ಯಪ್ಪಾ, ಮಾಡತೀನಿ,” ಎಂದು ಕೆಳಗಿನಿಂದಲೇ ಕೂಗಿದಳು. “ಈಗ ಬರ್ಲೇನು ಒಳಗ? ನಿಮ್ಮ ಅಡಗಿಮನಿ ಸಾರಿಸಿ ಕೊಡ್ತೀನಿ.”

ಹೊಲಗೇರಿಯ ಹೆಂಗಸು ಅಡಿಗೆಮನೆಗೆ! ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಭೀಮವ್ವನಿಗೆ ನಗು ಬಂತು. ಆದರೆ ಇವತ್ತು ಅವಳು ಬಂದದ್ದು ಭಿಕ್ಷೆಗಲ್ಲ, ಗಂಡನನ್ನು ಚೌಕಿಯಿಂದ ಬಿಡಿಸಿ ಎಂದು ಕೇಳಲು. ಕಿಟಕಿ ಮುಚ್ಚಿದ ಮೇಲೆ ಕೇಳುವುದು ಯಾರನ್ನು?

ಬೇಡಿದಾಗ ಜನ ಹೇಗೆ ಹೇಗೆ ಆಡುತ್ತಾರೆ ಎಂಬ ವಿದ್ಯೆಯಲ್ಲಿ ಅವಳು ದೊಡ್ಡ ಪಂಡಿತಳು. ಶಾಲೆಯ ಮಾಸ್ತರರಿಗೆ ಅವಳನ್ನು ಕಂಡ ಕೂಡಲೇ ಅಂಗಡಿಗಳ ಬೋರ್ಡು ಓದುವ ಹುಚ್ಚು ಹಿಡಿಯುತ್ತಿತ್ತು. ಕಿರಾಣಿಯವನು ಖಾಲಿ ಎಂದು ಜೇಬು ತಟ್ಟಿ ತೋರಿಸುವನು, ಜೇಬು ಝಣಝಣ ಎನ್ನುವುದು. ಗುಡಿಯಿಂದ ಬರುವವರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಎರಡೂ ಕಡೆ ನೋಡಿ ಆಮೇಲೆ ಎಸೆಯುವರು. ಖಡಕಿಯ ಮದ್ದುಗುಂಡಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವ ಕೂಲಿಗಳು ಮಾತ್ರ ಅರ್ಧ ಜೋಳದ ಭಕ್ಕರಿ ಕೈಗಿಟ್ಟು, ಅವಳು ಹರಸುವ ಮೊದಲೇ ನಾಚಿಕೊಂಡವರಂತೆ ಓಡಿಬಿಡುತ್ತಿದ್ದರು. ಉಳಿದ ಎಲ್ಲರ ಬಾಯಲ್ಲೂ ಒಂದೇ ಮಾತು, “ಪುಢೇ ಜಾ.” ಮುಂದೆ ಹೋಗು. ಆ ಮಾತು ಕೇಳಿದಾಗೆಲ್ಲ ಮುಂದೆ ಹೋಗಿದ್ದರೆ ಭೀಮವ್ವ ಇಷ್ಟು ಹೊತ್ತಿಗೆ ಕಾಶಿ ಮುಟ್ಟಿರುತ್ತಿದ್ದಳು.

ಅವಧೂತರಾಯರದು ಬೇರೆಯೇ ತರಹ. ಅವರೂ ಧಾರವಾಡದ ಕಡೆಯವರು. ಮನೆಯೊಳಗೆ ಅವರ ಹೆಂಡತಿ ರಂಗೂಬಾಯಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಕನ್ನಡದಲ್ಲೇ ಹಲುಬುವುದು ಬೀದಿಗೆ ಕೇಳುತ್ತಿತ್ತು. ಆದರೆ ಭಿಕ್ಷುಕರ ಮುಂದೆ ಆ ಮನೆಯವರ ಬಾಯಲ್ಲಿ ಮರಾಠಿ ಬಿಟ್ಟು ಬೇರೆ ಹೊರಡುತ್ತಿರಲಿಲ್ಲ. ‘ನಮ್ಮ ಊರ ಕಡೆಯವರು’ ಎಂದು ಇವರು ಎಲ್ಲಿ ಅಂಟಿಕೊಂಡುಬಿಡುತ್ತಾರೋ ಎಂಬ ಭಯ.

ಭೀಮವ್ವನ ಗಂಡ ಫಕೀರಪ್ಪ ಕಲ್ಲಿನ ಖಣಿಯಲ್ಲಿ ದುಡಿದವನು. ಬಂಡೆ ಒಡೆಯಲು ಸುರುಂಗ ಹಾರಿಸಿದಾಗ ಕಲ್ಲಿನ ಚಕ್ಕೆ ಸಿಡಿದು ಎರಡೂ ಕಣ್ಣು ಹೋದವು. ಕಂತ್ರಾಟದಾರ ನಾಲ್ಕು ರೂಪಾಯಿಯನ್ನೂ ಒಂದು ತೆಂಗಿನಕಾಯಿಯನ್ನೂ ಕೊಟ್ಟು ಕಳಿಸಿದ. ತೆಂಗಿನಕಾಯಿ ಯಾಕೆಂದು ಫಕೀರಪ್ಪನಿಗೆ ಇವತ್ತಿಗೂ ತಿಳಿದಿಲ್ಲ. ಮೂರು ದಿನದ ಹಿಂದೆ ಮಳೆ ಬಂತೆಂದು ವಕೀಲರ ಕಟ್ಟೆಯ ಮೇಲೆ ನಿಂತಿದ್ದ. ಹೆಜ್ಜೆ ಸಪ್ಪಳ ಕೇಳಿ ಕೈಚಾಚಿದ. ಕೈ ಹೋಗಿ ಮಡಿಯುಟ್ಟು ಬರುತ್ತಿದ್ದ ರಾಯರ ಹೊಟ್ಟೆಯ ಮೇಲೆ ಕೂತಿತು. ಯಾರೋ ಹಿಟ್ಟಿನ ಚೀಲ ತಂದಿದ್ದಾರೆಂದು ಅವನು ಇನ್ನೊಂದು ಸಲ ಒತ್ತಿಯೂ ನೋಡಿದನಂತೆ. ರಾಯರು ಪೋಲೀಸರನ್ನು ಕರೆಸಿದರು.

ಚೌಕಿಯಲ್ಲಿ ಫೌಜದಾರ ಭೀಮವ್ವನಿಗೆ ಗಂಡನ ಮುಖವನ್ನೂ ತೋರಿಸಲಿಲ್ಲ. ವಕೀಲರು ಬಿಡು ಎಂದರೆ ಬಿಡುವೆ, ಇಲ್ಲದಿದ್ದರೆ ನಾಡಿದ್ದು ಕೋರ್ಟು, ಆಮೇಲೆ ಮೂರು ತಿಂಗಳು ಜೇಲು ಎಂದ. ಕುರುಡ ಜೇಲಿನಲ್ಲಿ ತಟ್ಟೆ ಎಲ್ಲಿದೆ, ಗೋಡೆ ಎಲ್ಲಿದೆ ಎಂದು ತಡವರಿಸುವುದು ಭೀಮವ್ವನ ಕಣ್ಣಿಗೆ ಕಟ್ಟಿತು.

ಮರುದಿನ ಆಷಾಢದ ಅಮಾವಾಸ್ಯೆ, ಸೂರ್ಯಗ್ರಹಣ. ಭಿಕ್ಷುಕರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಗ್ರಹಣದ ದೋಷವೆಲ್ಲ ದಾನದ ಜೊತೆ ಹೊಲೆಮಾದಿಗರ ಮೈಗೆ ಹತ್ತಿ ಹೋಗುತ್ತದೆ ಎಂದು ದೊಡ್ಡವರ ನಂಬಿಕೆ. ಬಿಡುವ ಹೊತ್ತಿಗೆ ಇವರು ಓಣಿಓಣಿ ಸುತ್ತಿ “ದೇ ದಾನ, ಸುಟೇ ಗಿರಾಣ” ಎಂದು ಕೂಗಬೇಕು. ದಾನ ಕೊಡಿ, ಗ್ರಹಣ ಬಿಡುತ್ತದೆ ಎಂದು. ಆ ಕೂಗು ಕೇಳಿದ ಮೇಲೆಯೇ ಮನೆಗಳಲ್ಲಿ ಸ್ನಾನ, ನೀರು, ಒಲೆ.

ಆ ಸಂಜೆ ಧರ್ಮಶಾಲೆಯ ಗೋಡೆಯ ಬುಡದಲ್ಲಿ ಎಲ್ಲರೂ ಕೂತಿದ್ದರು. ಪೇಟೆಯ ಭಿಕ್ಷುಕರಿಗೆಲ್ಲ ಸೊಲ್ಲಾಪುರದ ಗೌರಾಬಾಯಿಯೇ ಹಿರಿಯಳು. ಭೀಮವ್ವ ತನ್ನ ವಿಚಾರ ಅವಳ ಮುಂದಿಟ್ಟಳು.

“ಖುಳಿ ಆದೇನ್ಬೇ, ತಲಿ ಕೆಟ್ಟೈತೇನು?” ಗೌರಾಬಾಯಿ ಹೌಹಾರಿದಳು. “ನಾಳೆ ಕೂಗೂದು ಬ್ಯಾಡಂತಿ? ಈ ಯುದ್ಧದಾಗ ಅರಬಿ ಎಲ್ಲೂ ಸಿಗವಲ್ದು. ಒಂದು ಸೀರಿ ಸಿಕ್ರ ಎರಡು ವರ್ಸ ಮಾನ ಮುಚ್ಚತೈತಿ.”

“ನಾವು ಕೂಗದಿದ್ರ ಗಿರಾಣ ಬಿಡತೈತೇನು?”

“ಬಿಡದ ಏನ್ಮಾಡೀತು?” ಎಂದ ಕುಂಟ ಶಿವಪ್ಪ. “ಸೂರ್ಯಾಗ ನಿನ್ನ ಹಂಗೇನೈತಿ?”

“ಅದು ಸೂರ್ಯಾಗ ಗೊತ್ತೈತಿ. ಅವರಿಗೆ ಗೊತ್ತಿಲ್ಲ.”

ಗೌರಾಬಾಯಿ ತಂಬಾಕು ಉಗುಳಿದಳು. ಆಮೇಲೆ ಅವಳ ಹೊಟ್ಟೆಯೊಳಗಿನ ಹಳೆಯ ಸಿಟ್ಟು ಎದ್ದಿತು. “ಹ್ವಾದ ಗಿರಾಣದಾಗ ಆ ವಕೀಲನ ಹೇಣ್ತಿ ಕೊಟ್ಟ ಸೀರಿ ಉಟ್ಟೆ. ಕುಂಡಿ ಮ್ಯಾಗ ಅಂಗೈಯಷ್ಟು ತೂತು! ಮೂರು ದಿನ ಗ್ವಾಡಿಗೆ ಬೆನ್ನು ಹಚ್ಚಿ ನಡದೀನಿ, ಏಡಿ ನಡದಂಗ.” ಎಲ್ಲರೂ ಬಿದ್ದು ಬಿದ್ದು ನಕ್ಕರು. “ಹೋಗತ್ಲಾಗ. ನಾಳೆ ಇಡೀ ಪ್ಯಾಟಿ ಬಾಯಿ ಹೊಲಕೊಂಡು ಕುಂದರತೈತಿ. ಕುರುಡ ಬರೂತನ ಯಾರರ ಬಾಯಿ ತಗದ್ರ ಅವರ ಹಲ್ಲು ಉದರಸ್ತೀನಿ.”

ಬೆಳಗಾಯಿತು. ಮುಗಿಲು ಕಂಬಳಿ ಹೊದ್ದುಕೊಂಡಿತ್ತು. ಸೂರ್ಯನೇ ಇಲ್ಲ, ಇನ್ನು ಗ್ರಹಣ ಕಾಣುವುದೆಲ್ಲಿ? ಪಂಚಾಂಗದಲ್ಲಿ ಹನ್ನೊಂದೂಕಾಲಿಗೆ ಗ್ರಹಣ ಮೋಕ್ಷ ಎಂದು ಬರೆದಿತ್ತು. ಆದರೆ ಯುದ್ಧಕ್ಕೆಂದು ಸರಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಮುಂದೆ ತಿರುಗಿಸಿತ್ತು. ಪಂಚಾಂಗದವರು ಬರೆದದ್ದು ಹಳೆಯ ತಾಸೋ ಹೊಸ ತಾಸೋ? ವಕೀಲರು ಹೊಸದೆಂದರು. ಎದುರುಮನೆಯ ಪಿಂಚಣಿದಾರ ಮಧುಕರರಾಯರು ಹಳೆಯದೆಂದರು. ಇಬ್ಬರೂ ಕಿಟಕಿ ಕಿಟಕಿಗೇ ಜಗಳ ಹಚ್ಚಿದರು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತು, ಹೊರಗೆ ಕೂಗು ಕೇಳಲಿ.

ಕೂಗು ಕೇಳಲಿಲ್ಲ.

ವಕೀಲರ ಮನೆಯೆದುರಿನ ಗೋಡೆಗೆ ಒರಗಿ ಇಪ್ಪತ್ತು ಮಂದಿ ಕೂತಿದ್ದರು. ಎಲ್ಲರ ಕೈಗಳೂ ಕಂಕುಳಲ್ಲಿ, ಎಲ್ಲರ ತುಟಿಗಳೂ ಬಿಗಿ. ಬೇಡುವವರ ಬಾಯಿ ಮುಚ್ಚಬೇಕೆಂದು ವರ್ಷಗಟ್ಟಲೆ ಬೈದಿದ್ದ ಓಣಿಗೆ ಅವರು ಸುಮ್ಮನೆ ಕೂತದ್ದು ನೋಡಲು ಆಗಲಿಲ್ಲ. ಹನ್ನೊಂದೂಕಾಲು ಆಯಿತು, ಹನ್ನೆರಡು ಆಯಿತು, ಹನ್ನೆರಡೂಕಾಲೂ ಹೊರಳಿತು. ಒಂದೊಂದೇ ಬಾಗಿಲು ಸಂದಿಯಷ್ಟು ತೆರೆದು ಒಂದೊಂದೇ ತಲೆ ಹೊರಬಂತು.

ರಂಗೂಬಾಯಿ ಮೊರ ಹಿಡಿದು ಹೊಸ್ತಿಲಿಗೆ ಬಂದರು. “ಭೀಮವ್ವಾ! ಏ ನಮ್ಮವ್ವಾ! ಯಾಕ ಸುಮ್ನ ಕೂತೀರೇ? ಕೂಗ್ರೆಲ್ಲಾ! ಇಲ್ನೋಡು, ಅಕ್ಕಿ ಅದ, ಎಳ್ಳು ಅದ, ಸೀರಿನೂ ತಗದಿಟ್ಟೇನಿ.”

“ಅಯ್ಯ, ವಕೀಲರ ಮನ್ಯಾಗ ಕನ್ನಡಾ ಬರತೈತೇನ್ರೀ?” ಭೀಮವ್ವ ಕಣ್ಣರಳಿಸಿದಳು. “ಒಂಬತ್ತು ವರ್ಸ ಆತು, ನಮಗ ಯಾರೂ ಹೇಳೇ ಇಲ್ಲ. ನನ್ನ ಗಂಡ ಚೌಕಿಯಿಂದ ಬರೂತನ ನಾವು ಕೂಗಂಗಿಲ್ರೀ.”

ರಂಗೂಬಾಯಿ ಕೇಳಿಸದವರಂತೆ ಮೊರವನ್ನು ಶಿವಪ್ಪನ ಕಡೆ ಚಾಚಿದರು. ಅವನು ಮುಖ ತಿರುವಿ “ಪುಢೇ ಜಾ ಬಾಯಿ, ಪುಢೇ ಜಾ” ಎಂದ. ಗೋಡೆಯುದ್ದಕ್ಕೂ ಹೊಟ್ಟೆಗಳು ಕುಲುಕಿದವು, ತುಟಿಗಳು ಮಾತ್ರ ಬಿಗಿಯಾಗಿಯೇ ಇದ್ದವು.

ರಾಯರು ಧೋತರ ಎತ್ತಿಕೊಂಡು ಧಾವಿಸಿ ಬಂದರು. “ಪೋಲೀಸರನ್ನ ಕರಸ್ತೇನಿ! ಎಲ್ಲಾರನ್ನೂ ಒಳಗ ಹಾಕಸ್ತೇನಿ, ಸೂಳೇಮಕ್ಕಳ್ರಾ!”

“ಯಾಕ್ರೀ ಸಾಹೇಬ್ರ?” ಶಿವಪ್ಪ ವಿನಯದಿಂದ ಕೇಳಿದ. “ಭಿಕ್ಷಾ ಬೇಡಿದ್ರ ಗುನ್ಹೆ ಅಂತ ಹೇಳ್ತೀರಿ. ಇವತ್ತು ನಾವು ಬೇಡವಲ್ಲಿವಿ. ಇದಕ್ಕ ಯಾವ ಕಲಮು ಹಚ್ಚತೀರಿ?”

ರಾಯರ ಕಾನೂನು ಪುಸ್ತಕದಲ್ಲಿ ಅಂಥ ಕಲಮು ಇರಲಿಲ್ಲ. ಅಷ್ಟರಲ್ಲಿ ಒಳಕೋಣೆಯಿಂದ ಅವರ ಮಗಳು ಇಂದೂ ಕೂಗಿದಳು. ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಗ್ರಹಣದ ನೆರಳು ಬೀಳಬಾರದೆಂದು ಬೆಳಗಿನಿಂದ ಅವಳನ್ನು ಕತ್ತಲಲ್ಲಿ ಅಲುಗಾಡದಂತೆ ಮಲಗಿಸಿದ್ದರು.

“ಅಪ್ಪಾ, ಆ ಕುರುಡನ್ನ ಬಿಡಸ್ರಿ! ನನಗ ಒಂದಕ್ಕ ಬಂದದ! ತಡೀಲಿಕ್ಕೆ ಆಗವಲ್ದು!”

“ತಡಕೋ ಇಂದೂ, ಕೂಸಿಗೆ ಐಬು ಆಗ್ತದ!” ಎಂದು ರಂಗೂಬಾಯಿ ಒರಲಿದರು.

ಭೀಮವ್ವ ಒಳಕೋಣೆಯ ಕಡೆ ಮುಖ ತಿರುಗಿಸಿದಳು. ಜಗಳ ಈ ಹುಡುಗಿಯ ಜೊತೆ ಅಲ್ಲವಲ್ಲ. “ಎದ್ದು ಹೋಗ ತಂಗಿ!” ಎಂದು ದನಿಯೆತ್ತಿ ಕೂಗಿದಳು. “ಏನೂ ಆಗಂಗಿಲ್ಲ! ನಾ ಐದು ಹಡದೀನಿ. ಖಣ್ಯಾಗ ಕಲ್ಲು ಹೊರೂವಾಗ ಎರಡು ಗಿರಾಣ ತಲಿ ಮ್ಯಾಗ ಹಾದು ಹೋದವು. ಕಂತ್ರಾಟದಾರ ನಮ್ಮನ್ನ ಕತ್ತಲ್ಯಾಗ ಮಲಗಸಲಿಲ್ಲ. ಹೋಗು!”

ಒಳಗೆ ಬಾಗಿಲು ಕಿರುಗುಟ್ಟಿತು, ಹಿತ್ತಲ ಕಡೆಗೆ ಹೆಜ್ಜೆ ಓಡಿದವು. ರಂಗೂಬಾಯಿ ಹಣೆ ಹಣೆ ಬಡಿದುಕೊಂಡರು. ಓಣಿಯವರ ತಾಳ್ಮೆಯೂ ಅಲ್ಲಿಗೆ ಮುಗಿಯಿತು. ಮಧುಕರರಾಯರು ಮರಾಠಿಯಲ್ಲಿ ಕಿರುಚಿದರು. ನಿನ್ನೆ ರಾತ್ರಿಯಿಂದ ತಾನು ಹನಿ ನೀರು ಕುಡಿದಿಲ್ಲ, ವಕೀಲನ ಹೊಟ್ಟೆ ಮುಟ್ಟಿದ ತಪ್ಪಿಗೆ ಇಡೀ ಓಣಿ ಸಾಯಬೇಕೇ ಎಂದರು. ಎಲ್ಲ ಕಿಟಕಿಗಳೂ ಹೌದು ಹೌದು ಎಂದವು.

ರಾಯರು ಸೋತರು. “ಚೀಟಿ ಬರದು ಕೊಡತೇನಿ, ತಗೊಂಡು ಹೋಗು,” ಎಂದು ಹಲ್ಲು ಕಡಿದರು.

“ಚೀಟಿ ಬ್ಯಾಡ್ರೀ ಯಪ್ಪಾ. ನಾ ಒಯ್ದ್ರ ಫೌಜದಾರ ಅದರಾಗ ಅಡಕಿ ಕಟಗೋತಾನ. ನೀವ ಹೋಗ್ರಿ. ಅಂವಾ ಇಲ್ಲಿ ಬಂದು ನಿಂದರಲಿ, ಕೂಗತೀನಿ. ಭೀಮವ್ವನ ಮಾತು.”

ಗ್ರಹಣ ಹಿಡಿದಿರುವಾಗ ಹೊಸ್ತಿಲು ದಾಟಿದ್ದು ಅವಧೂತರಾಯರ ಜನ್ಮದಲ್ಲೇ ಮೊದಲು. ಕೊಡೆ ಬಿಚ್ಚಿ ಮೂಲೆಯಲ್ಲಿ ಮರೆಯಾದರು. ಅರ್ಧ ತಾಸಿನ ಮೇಲೆ ಅದೇ ಮೂಲೆಯಲ್ಲಿ ಕೊಡೆ ಮತ್ತೆ ಕಂಡಿತು, ಕೊಡೆಯ ಕೆಳಗೆ ಇಬ್ಬರು. ಗ್ರಹಣದಲ್ಲಿ ಹೊರಗೆ ಬರುವುದಿಲ್ಲವೆಂದು ಸಿಪಾಯಿ ಚೌಕಿಯ ಬಾಗಿಲಲ್ಲೇ ಕೈತೊಳೆದುಕೊಂಡಿದ್ದ. ಕುರುಡನನ್ನು ಕೈ ಹಿಡಿಯದೆ ತರುವುದು ಹೇಗೆ? ಫಕೀರಪ್ಪ ರಾಯರ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದ. ನೋಡಿದರೆ ದಾರಿ ತೋರಿಸುತ್ತಿದ್ದವನೂ ಅವನೇ.

“ಮೆಲ್ಲಕ ಬರ್ರಿ ರಾವಸಾಹೇಬ್ರ, ಎಡಕ್ಕ ಗಟಾರ ಐತಿ. ನಿಮ್ಮದ ಓಣಿ, ಗಟಾರ ಎಲ್ಲೈತಿ ಗೊತ್ತಿಲ್ಲೇನ್ರಿ?”

ಈಗ ತುಟಿ ಬಿಗಿ ಹಿಡಿಯುವುದು ಯಾರಿಂದಲೂ ಆಗಲಿಲ್ಲ. ಗೋಡೆಗೆ ಗೋಡೆಯೇ ಹೋ ಎಂದು ನಕ್ಕಿತು. ಒಂದೆರಡು ಕಿಟಕಿಗಳೂ ಸೆರಗು ಬಾಯಿಗೆ ಒತ್ತಿಕೊಂಡವು. ಭೀಮವ್ವ ಓಡಿಹೋಗಿ ಗಂಡನನ್ನು ತಬ್ಬಿಕೊಂಡಳು. ಸಂತೋಷಕ್ಕೆ ಅಳು ಬಂತು, ಅಳುತ್ತಲೇ ನಕ್ಕಳು. ಅವನನ್ನು ಕರೆತಂದು ವಕೀಲರ ಮೆಟ್ಟಿಲ ಮೇಲೆಯೇ ಕೂರಿಸಿದಳು. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಗೌರಾಬಾಯಿ ಕೂಗಲು ಎದೆ ತುಂಬ ಉಸಿರು ತೆಗೆದುಕೊಂಡಳು.

ಭೀಮವ್ವ ಅವನ ಕಾಲಿನ ರಾಡಿ ಒರೆಸಲು ಸೆರಗು ಹಿಡಿದಳು. ಸೆರಗು ತಾಕಿದ್ದೇ ತಡ ಅವನು ಕಾಲು ಸೆಳೆದುಕೊಂಡ. ಅವಳು ಮತ್ತೆ ಹಿಡಿದು ತಿರುಗಿಸಿ ನೋಡಿದಳು. ಅಂಗಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಹಿಮ್ಮಡಿಯಲ್ಲಿ ಚರ್ಮ ಒಡೆದು ಬಿರುಕಿನೊಳಗೆ ರಾಡಿ ತುಂಬಿತ್ತು.

“ಏನಿದು?”

“ಜಾರಿ ಬಿದ್ದೆ.”

“ಅಂಗಾಲ ಮ್ಯಾಗ ಯಾರು ಬೀಳ್ತಾರ?”

ಫಕೀರಪ್ಪ ನಗಲು ನೋಡಿದ. “ಮಳಿಗಾಲ ನೋಡು. ಸಿಪಾಯಿಗಳಿಗೂ ಬ್ಯಾಸರ. ಬಿಡು, ಬಂದೆನಲ್ಲ.”

ಭೀಮವ್ವ ತಲೆಯೆತ್ತಿ ರಾಯರನ್ನು ನೋಡಿದಳು. 

“ನಾ ಹೊಡೀರಿ ಅಂದಿದ್ದಿಲ್ಲ,” ಎಂದರು ರಾಯರು, ಕೊಡೆ ಮಡಿಸುತ್ತ. “ಸ್ವಲ್ಪ ಬುದ್ಧಿ ಕಲಸ್ರಿ ಅಂದಿದ್ದೆ, ಅಷ್ಟ.”

ಆಗಲೇ ಮೋಡ ಹರಿಯಿತು. ಒದ್ದೆ ಹೆಂಚುಗಳ ಮೇಲೆ ಬಿಸಿಲು ಚೆಲ್ಲಿತು. ಇಡೀ ಓಣಿ ಹಣೆಗೆ ಕೈ ಹಚ್ಚಿ ಮೇಲೆ ನೋಡಿತು. ಸೂರ್ಯ ಪೂರ್ತಿ ದುಂಡಗಿದ್ದ, ಎಲ್ಲಿಯೂ ಒಂದು ಚೂರು ಕಡಿಮೆ ಇರಲಿಲ್ಲ.

“ಬಿಟ್ಟದ ನೋಡು ಭೀಮವ್ವಾ, ಪೂರಾ ಬಿಟ್ಟದ!” ರಂಗೂಬಾಯಿ ಮೊರ ಹಿಡಿದು ಓಡಿ ಬಂದರು. “ನಿನ್ನ ಗಂಡನೂ ಬಂದ. ಕೂಗ ನಮ್ಮವ್ವಾ, ಕೂಗು.”

ಭೀಮವ್ವ ಎದ್ದು ನಿಂತು ಸೂರ್ಯನನ್ನು ನೋಡಿದಳು. ಅವಸರವಿಲ್ಲದೆ, ಕಣ್ಣು ಕಿರಿದು ಮಾಡಿ ನೋಡಿದಳು. ಇಪ್ಪತ್ತು ಮಂದಿ ಅವಳ ಮುಖ ನೋಡುತ್ತಿದ್ದರು. ಗೌರಾಬಾಯಿ ತುಂಬಿಕೊಂಡ ಉಸಿರನ್ನು ಹಾಗೆಯೇ ಹೊರಗೆ ಬಿಟ್ಟಳು.

“ಇನ್ನೂ ಹಿಡದೈತ್ರೀ ಯವ್ವಾ,” ಎಂದಳು ಭೀಮವ್ವ.

ಕೆಳಗೆ ಕೂತು ಗಂಡನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಿಸಿಲು ಚುರುಗುಟ್ಟುತ್ತಿತ್ತು. ಓಣಿಯ ಜನ ಒಮ್ಮೆ ಸೂರ್ಯನನ್ನು, ಒಮ್ಮೆ ಅವಳ ಮುಚ್ಚಿದ ಬಾಯಿಯನ್ನು ನೋಡುತ್ತ ಹೊಸ್ತಿಲುಗಳಲ್ಲಿ ನಿಂತಿದ್ದರು. ಒಂದು ಮನೆಯಲ್ಲೂ ನೀರಿನ ಕೊಡದ ಮುಚ್ಚಳ ತೆಗೆಯಲಿಲ್ಲ.