ಕಾಲೂರುವ ಅಪ್ಪಣೆ

ದರ್ಜಿಗಳಲ್ಲಿ ಎರಡೇ ಬಗೆ ಎಂದು ಮಾಸ್ಟರ್ ಹೇಳುತ್ತಿದ್ದ: ನಿಂತವರು, ಕೂತವರು. ಮೇಜಿನ ಮುಂದೆ ನಿಂತು ಕತ್ತರಿ ಆಡಿಸುವವನು ಮಾಸ್ಟರ್. ಅವನು ಕತ್ತರಿಸಿ ಕೊಟ್ಟದ್ದನ್ನು ತಲೆ ಬಗ್ಗಿಸಿಕೊಂಡು ಹೊಲಿಯುವವನು ಹೊಲಿಗೆಯವನು, ಅಷ್ಟೆ. ಅವನ ಅಂಗಡಿಯಲ್ಲಿ ನಿಂತವನು ಅವನೊಬ್ಬನೇ. ಕೂತವನು ಒಡಹುಟ್ಟಿದ ತಮ್ಮ.

ಮೀಸೆ ಚಿಗುರುವ ಮೊದಲೇ ಹೊಲಿಗೆ ಯಂತ್ರದ ಮುಂದೆ ಕೂತ ತಮ್ಮ, ತಲೆ ನರೆಯತೊಡಗಿದರೂ ಎದ್ದಿರಲಿಲ್ಲ. "ಅಣ್ಣಾ, ಇದೊಂದು ಪ್ಯಾಂಟು ನಾನು ಕಟಿಂಗ್ ಮಾಡ್ಲಾ?" ಎಂದು ಆಗೊಮ್ಮೆ ಈಗೊಮ್ಮೆ ಕೇಳಿದ್ದುಂಟು. "ಮೊದ್ಲು ನೆಟ್ಟಗೆ ಹೊಲಿಯೋದು ಕಲಿ. ಕತ್ತರಿ ಏನು ಆಟದ ಸಾಮಾನಾ?" ಎಂದು ಮಾಸ್ಟರ್ ಗಿರಾಕಿಗಳ ಎದುರೇ ಅನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ; ನಗದೆ ಇನ್ನೇನು ಮಾಡಿಯಾನು? ಕಾಲರು ಕೂದಲೆಳೆಯಷ್ಟು ಓರೆಯಾದರೂ ಮಾಸ್ಟರ್ ಅದನ್ನು ಪರ್ರನೆ ಹರಿದು ಅವನ ಮಡಿಲಿಗೆ ಎಸೆಯುತ್ತಿದ್ದ. ಆದರೆ ಕೆಲಸದಲ್ಲಿ ಮಾತ್ರ ಮಾಸ್ಟರನ ಕಡೆಗೆ ಯಾರೂ ಬೊಟ್ಟು ಮಾಡುವ ಹಾಗಿರಲಿಲ್ಲ. ಅವನ ಕೈಯ ಕೋಟು ಗೂನು ಬೆನ್ನನ್ನೂ ನೆಟ್ಟಗೆ ತೋರಿಸುತ್ತದೆ ಎಂದು ಜನ ಹೇಳುತ್ತಿದ್ದರು.

ಬಟ್ಟೆಯ ಥಾನುಗಳಿದ್ದದ್ದು ಮಹಡಿಯ ಕೋಣೆಯಲ್ಲಿ. ಹತ್ತಲು ಹೊರಗಡೆ ಕಬ್ಬಿಣದ ಮೆಟ್ಟಿಲು. ಅವತ್ತು ಕೋಟಿನ ಬಟ್ಟೆ ತರಲು ತಮ್ಮ ಎದ್ದಾಗ, "ಕೂತ್ಕೊ, ನೀನು ಹೋದ್ರೆ ಕಪ್ಪು ಕೇಳಿದ್ರೆ ನೀಲಿ ತರ್ತೀಯ" ಎಂದು ಮಾಸ್ಟರ್ ತಾನೇ ಹತ್ತಿದ. ಥಾನನ್ನು ಹೆಗಲ ಮೇಲಿಟ್ಟುಕೊಂಡು ಇಳಿಯುವಾಗ ಮೇಲಿನ ಮೆಟ್ಟಿಲಲ್ಲೇ ಕಾಲು ತಪ್ಪಿತು. ಕೆಳಗೆ ಚರಂಡಿಯ ಕಟ್ಟೆಗೆ ಸೊಂಟ ಬಡಿಯಿತು. ತಮ್ಮ ಓಡಿ ಬಂದಾಗ ಮಾಸ್ಟರನಿಗೆ ಪ್ರಜ್ಞೆ ಇತ್ತು. ಕಾಲು ಮಾತ್ರ ತನ್ನದಲ್ಲ ಎನ್ನಿಸುತ್ತಿತ್ತು.

ಬಟ್ಟಲಿನ ಹಾಗಿರುವ ಸೊಂಟದ ಮೂಳೆ ಎರಡೂ ಪಕ್ಕ ಒಡೆದಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಕೂರಿಸಿದರು. ಮನೆಗೆ ಕಳಿಸುವಾಗ ಹೇಳಿದರು: "ಮೈಯ ಭಾರವೆಲ್ಲ ಇಳಿಯೋದು ಈ ಮೂಳೆ ಮೇಲೇ. ಇದು ಕೂಡೋ ತನಕ ನೀವು ಕಾಲೂರೋ ಹಾಗಿಲ್ಲ. ಹಾಸಿಗೆ, ಗಾಲಿ ಕುರ್ಚಿ, ಅಷ್ಟೇ. ಎರಡೂವರೆ ಮೂರು ತಿಂಗಳು ಅಂದ್ಕೊಳ್ಳಿ. ಎಕ್ಸ್‌ರೇ ನೋಡಿ ನಾನು ಹೇಳ್ತೀನಿ. ಮುಂಚೆ ಊರಿದ್ರೆ ಪ್ಲೇಟು ಮುರಿಯುತ್ತೆ. ಹೇಳಿದ ಮೇಲೂ ಊರದೆ ಇದ್ರೆ ಕಾಲು ಕೆಡುತ್ತೆ. ಎರಡೂ ತಪ್ಪು."

ಮಾಸ್ಟರ್ ಮೊದಲಿನ ಮಾತನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡ.

ತಮ್ಮ ಅವನನ್ನು ಮಗುವಿನ ಹಾಗೆ ನೋಡಿಕೊಂಡ ಎಂದರೆ ಸುಳ್ಳಲ್ಲ. ಬೆಳಿಗ್ಗೆ ಬಂದು ಮೈ ಒರೆಸಿ, ಎತ್ತಿ ಕುರ್ಚಿಗೆ ಕೂರಿಸಿ ಅಂಗಡಿಗೆ ಹೋಗುತ್ತಿದ್ದ. ಸಂಜೆ ಬಂದು ಮತ್ತೆ ಎತ್ತಿ ಮಲಗಿಸುತ್ತಿದ್ದ. ಮಲಮೂತ್ರದ ಪಾತ್ರೆ ಹಿಡಿಯಲೂ ಮುಖ ಸಿಂಡರಿಸಲಿಲ್ಲ. ಒಮ್ಮೆ ಹೆಂಡತಿಯ ಮುಂದೆ ಮಾಸ್ಟರನ ಕಣ್ಣು ತುಂಬಿ ಬಂತು. "ನಾನು ಅವನ್ನ ಬಯ್ಯಬಾರದಿತ್ತು ಕಣೇ" ಎಂದ. ಅವಳು ಹೊದಿಕೆ ಸರಿಪಡಿಸಿದಳು.

ಎಕ್ಸ್‌ರೇ ದಿನ ಆಸ್ಪತ್ರೆ ಸಂತೆಯಾಗಿತ್ತು. ಡಾಕ್ಟರಿಗೆ ಆಪರೇಷನ್ ಕೋಣೆಯಿಂದ ಕರೆ ಮೇಲೆ ಕರೆ. ಮಾಸ್ಟರನ ಕುರ್ಚಿಯನ್ನು ಒಳಗೆ ತಳ್ಳಲೂ ಜಾಗವಿರಲಿಲ್ಲ. ತಮ್ಮನೇ ಫಿಲಂ ಹಿಡಿದುಕೊಂಡು ಒಳಗೆ ಹೋದ. ಹೊರಗೆ ಬಂದವನು ಅಣ್ಣನ ಮುಖ ನೋಡಲಿಲ್ಲ, ಕುರ್ಚಿಯ ಹಿಂದೆ ಹೋಗಿ ಹಿಡಿ ಹಿಡಿದುಕೊಂಡ.

"ಏನಂದ್ರೋ?"

"ಇನ್ನೂ ಕೂಡಿಲ್ವಂತೆ ಅಣ್ಣಾ. ಊರಬಾರದಂತೆ."

"ಇನ್ನೂ ಎಷ್ಟು ದಿನವಂತೆ?"

"ಆಮೇಲೆ ನೋಡೋಣ ಅಂದ್ರು."

ಶಾಲೆಗಳು ಶುರುವಾಗುವ ಹೊತ್ತು, ಯೂನಿಫಾರ್ಮಿನ ರಾಶಿ ಬರುವ ಹಂಗಾಮು. ಮನೆಯ ಬಾಗಿಲಲ್ಲಿ ಮಾಸ್ಟರ್ ತಮ್ಮನ ಕೈ ಹಿಡಿದು, "ಇದೊಂದು ಹಂಗಾಮು ನೀನೇ ಹೇಗಾದ್ರೂ ನಿಭಾಯಿಸು" ಎಂದ. ತಮ್ಮ ತಲೆ ಆಡಿಸಿ ಕೈ ಬಿಡಿಸಿಕೊಂಡ.

ಹಂಗಾಮು ಮುಗಿಯಿತು. ಮಾಸ್ಟರನ ತೊಡೆ ಸೊರಗಿ ಕೋಲಾಯಿತು. ಮಂಡಿ ಮಡಚಿದರೆ ಕಿರುಗುಟ್ಟುವ ಹಾಗಾಯಿತು. "ಇನ್ನೊಂದ್ಸಲ ತೋರಿಸೋಣ್ವೇನೋ?" ಎಂದರೆ ತಮ್ಮ "ಮುಂದಿನ ವಾರ" ಅನ್ನುತ್ತಿದ್ದ. ಮುಂದಿನ ವಾರಕ್ಕೆ ಮತ್ತೊಂದು ಮುಂದಿನ ವಾರ ಹುಟ್ಟುತ್ತಿತ್ತು. ಕೊನೆಗೆ ಹೆಂಡತಿ ಹುಷಾರಿಲ್ಲದ ತಾಯಿಯನ್ನು ನೋಡಲು ಹೋಗಿದ್ದ ದಿನ, ಮಂಡಿನೋವು ತಡೆಯಲಾರದೆ, ಪಕ್ಕದ ಮನೆಯ ಕಂಡಕ್ಟರನ್ನು ಕರೆದುಕೊಂಡು ಮಾಸ್ಟರ್ ತಾನೇ ಆಸ್ಪತ್ರೆಗೆ ಹೋದ.

ಡಾಕ್ಟರು ಅವನನ್ನು ಕಂಡು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಇನ್ನೂ ಯಾಕೆ ಈ ಕುರ್ಚಿಲಿ ಬಂದ್ರಿ?"

"ಊರಬಾರದು ಅಂದಿದ್ರಲ್ಲ ಡಾಕ್ಟ್ರೇ."

"ಯಾರಂದ್ರು? ಮೂಳೆ ಚೆನ್ನಾಗಿ ಕೂಡಿದೆ, ವಾಕರ್ ಹಿಡಿದು ಅರ್ಧ ಭಾರ ಹಾಕ್ಸಿ, ಆಮೇಲೆ ಪೂರ್ತಿ ಅಂತ ನಿಮ್ಮ ತಮ್ಮನಿಗೆ ಹೇಳಿದ್ದೆ. ಎರಡೆರಡು ಸಲ ಹೇಳಿದ್ದೆ. ಈ ತೊಡೆ ನೋಡಿ. ನೀವು ಇಷ್ಟು ಹೊತ್ತಿಗೆ ಮೆಟ್ಟಿಲು ಹತ್ತಬೇಕಿತ್ತು!"

ಮಾಸ್ಟರ್ ಕಂಡಕ್ಟರ ಕಡೆ ನೋಡಿದ. ಕಂಡಕ್ಟರು ಕಿಟಕಿಯ ಕಡೆ ನೋಡಿದರು.

ಅವತ್ತು ಅಲ್ಲೇ ಅವನನ್ನು ನಿಲ್ಲಿಸಿದರು. ವಾಕರ್ ಹಿಡಿದು ಅಂಗಾಲು ನೆಲಕ್ಕೆ ತಾಗಿಸಿದಾಗ ಕಾಲುಗಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ನಡುಗಿದವು. ಮೂಳೆ ನೋಯಲಿಲ್ಲ. ಅದು ಎಂದೋ ಕೂಡಿ ತನ್ನ ಪಾಡಿಗೆ ಕಾಯುತ್ತಿತ್ತು. ಸೋತದ್ದು ಮಾಂಸಖಂಡ. "ನಡೀತೀರಿ. ಆದ್ರೆ ಹಳೇ ನಡಿಗೆ ಪೂರ್ತಿ ಬರೋದು ಕಷ್ಟ, ಸ್ವಲ್ಪ ಕುಂಟು ಉಳೀಬಹುದು" ಎಂದು ವ್ಯಾಯಾಮ ಮಾಡಿಸುವಾಕೆ ಮೆಲ್ಲಗೆ ಹೇಳಿದಳು.

"ಮನೆಗೆ ಹೋಗೋಣ" ಎಂದರು ಕಂಡಕ್ಟರು. "ಅಂಗಡಿಗೆ" ಎಂದ ಮಾಸ್ಟರ್.

ಅಂಗಡಿಯಲ್ಲಿ ಒಬ್ಬ ಗಿರಾಕಿ ಕನ್ನಡಿಯ ಮುಂದೆ ಹೊಸ ಕೋಟು ತೊಟ್ಟು ನಿಂತಿದ್ದ. ತಮ್ಮ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಅವನ ಬೆನ್ನ ಹಿಂದೆ ನಿಂತಿದ್ದ. ನಿಂತಿದ್ದ! ಮಾಸ್ಟರನ ಕಣ್ಣು ಅಭ್ಯಾಸಬಲದಿಂದ ಕೋಟಿನ ಭುಜಕ್ಕೆ ಹೋಯಿತು. ತಪ್ಪು ಹುಡುಕಿತು. ತೋಳಿನ ಬುಡದಲ್ಲಿ ಹುಡುಕಿತು, ಬೆನ್ನ ಮಡಿಕೆಯಲ್ಲಿ ಹುಡುಕಿತು. ಸಿಗಲಿಲ್ಲ.

ಗಿರಾಕಿ ಹೊರಟ ಮೇಲೆ ಮಾಸ್ಟರ್ ವಾಕರ್ ಹಿಡಿದು ಗಾಲಿ ಕುರ್ಚಿಯಿಂದ ಎದ್ದು ನಿಂತ. ತಮ್ಮನ ಮುಖ ಬಿಳಿಚಿತು.

"ಡಾಕ್ಟ್ರು ಏನಂದಿದ್ರೋ ನಿಂಗೆ?"

ತಮ್ಮ ಟೇಪನ್ನು ಕೊರಳಿಂದ ತೆಗೆದು ಸುತ್ತತೊಡಗಿದ. "ಹಂಗಾಮು ಮುಗಿಯೋ ತನಕ ಅಂದ್ಕೊಂಡಿದ್ದೆ. ಒಂದೇ ಒಂದು ಹಂಗಾಮು ನಾನೇ ಮಾಡ್ಬೇಕು ಅನ್ನಿಸ್ತು. ಆಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ನನ್ನ ಕಾಲು ಕಿತ್ಕೊಂಡ್ಯಲ್ಲೋ, ಚಂಡಾಲ! ಉಂಡ ಮನೆಗೆ ಎರಡು ಬಗೆದ್ಯಲ್ಲೋ!"

"ಬಯ್ಯಿ. ಮಾಡಿದ್ದು ತಪ್ಪೇ." ತಮ್ಮನ ದನಿ ಏರಲಿಲ್ಲ. "ಆದ್ರೆ ಒಂದು ಮಾತು ಅಣ್ಣಾ. ನೀನು ಕೂತಿದ್ದು ನಾಲ್ಕೈದು ತಿಂಗಳು. ನಾನು ಇಷ್ಟು ವರ್ಷ ಕೂತಿದ್ನಲ್ಲ, ನನ್ನ ಯಾವ ಮೂಳೆ ಮುರಿದಿತ್ತು?"

ಮಾಸ್ಟರ್ ಯಾವಾಗಲೂ ಮಾಡುವುದನ್ನೇ ಮಾಡಿದ. "ನಡೀ ಆಚೆ. ಇನ್ನು ಈ ಹೊಸ್ತಿಲು ತುಳಿದ್ರೆ ನೋಡು" ಎಂದು ಕೂಗಿದ. ತಮ್ಮ ಕತ್ತರಿಯನ್ನು ಮೇಜಿನ ಮೇಲೆ, ಹಿಡಿ ಅಣ್ಣನ ಕಡೆ ಬರುವ ಹಾಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟ. ಕಂಡಕ್ಟರು ತಡೆಯಲು ಹೋದರು, ಅವನು ನಿಲ್ಲಲಿಲ್ಲ.

ಸಂಜೆ ಹೆಂಡತಿ ಬಂದಾಗ ಮಾಸ್ಟರ್ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹಾಲು ಕುಡಿಸಿ ಹಾವು ಸಾಕಿದ್ದೆ ಎಂದ. ಅವಳು ತಂತಿಯಿಂದ ತೆಗೆದ ಬಟ್ಟೆಗಳನ್ನು ಮಂಚದ ಮೇಲೆ ಹಾಕಿಕೊಂಡು ಮಡಚುತ್ತ ಕೇಳಿದಳು.

"ಬೇರೆ ಏನಾದ್ರೂ ಹೇಳಿದ್ನಾ?"

"ಇನ್ನೇನು ಹೇಳ್ತಾನೆ?"

ಅವಳು ಅಂಗಿಯೊಂದನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದಳು. "ಹಂಗಾಮು ಮುಗಿದ ದಿನಾನೇ ಅಡುಗೆಮನೆಗೆ ಬಂದು ಅತ್ತ. 'ಅತ್ತಿಗೇ, ಹಿಂಗ್ ಮಾಡ್ಬಿಟ್ಟೆ, ಇವತ್ತು ಅಣ್ಣಂಗೆ ಹೇಳ್ಬಿಡ್ತೀನಿ' ಅಂದ. ನಾನೇ ಬೇಡ ಅಂದೆ."

ಮಾಸ್ಟರ್ ಗಾಲಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ನೀನಾ?"

"ಇನ್ನೂ ಸ್ವಲ್ಪ ದಿನ ಇರ್ಲಿ ಅಂದೆ." ಅವಳು ಈಗ ಅವನನ್ನೇ ನೋಡುತ್ತಿದ್ದಳು. "ನೀವು ಮಲಗಿದ ಮೇಲೆ ಈ ಮನೇಲಿ ಒಂದು ತಟ್ಟೆ ಗೋಡೆಗೆ ಹಾರ್ಲಿಲ್ಲ. ಉಪ್ಪು ಹೆಚ್ಚಾಯ್ತು ಅಂತ ಕೈ ಏಳ್ಲಿಲ್ಲ. ನೀರು ಕೇಳೋಕೂ 'ಸ್ವಲ್ಪ ಕೊಡ್ತೀಯಾ' ಅಂತಿದ್ರಿ. ಮದುವೆ ಆದಾಗಿನಿಂದ ಅಷ್ಟು ನಿದ್ದೆ ನಾನು ಮಾಡಿರ್ಲಿಲ್ಲ ಕಣ್ರೀ. ಕಾಲು ಕೆಡುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂದೆ."

ಅವನ ಕೈ ಅಭ್ಯಾಸದಂತೆ ಮೇಲೆದ್ದಿತು. ಅವಳು ಹಿಂದೆ ಸರಿಯಲಿಲ್ಲ. ಅವಳು ನಿಂತದ್ದು ಅವನ ಕೈಗೆ ಎಟುಕದ ದೂರದಲ್ಲಿ. ಕೈ ತಾನಾಗಿ ಕೆಳಗಿಳಿಯಿತು. ತಮ್ಮ ಅಷ್ಟು ಬೈಸಿಕೊಂಡರೂ ಅತ್ತಿಗೆಯ ಹೆಸರೆತ್ತದೆ ಹೋದದ್ದು ಆಗ ಅವನಿಗೆ ಹೊಳೆಯಿತು.

ಮಾಸ್ಟರ್ ತಮ್ಮನಿಗೆ ಹೇಳಿಕಳಿಸಲಿಲ್ಲ. ಹೇಳಿಕಳಿಸಬೇಕು ಅನ್ನಿಸಿದಾಗಲೆಲ್ಲ ಆ ಕೋಟಿನ ಭುಜ ಕಣ್ಣಿಗೆ ಕಟ್ಟುತ್ತಿತ್ತು. ತಮ್ಮ ಎರಡು ಬೀದಿಯಾಚೆ ಸಣ್ಣ ಅಂಗಡಿ ಹಿಡಿದ. ಯೂನಿಫಾರ್ಮಿನವರು, ಕೋಟಿನವರು, ಹಳಬರು ಕೂಡ ಒಬ್ಬೊಬ್ಬರಾಗಿ ಅತ್ತ ಜಾರಿದರು. ಅಲ್ಲಿಯ ದರ್ಜಿ ಬಯ್ಯುವುದಿಲ್ಲ ಎಂದು ಕಂಡಕ್ಟರೇ ಒಂದು ದಿನ ಬಾಯಿತಪ್ಪಿ ಅಂದರು. ಅವರು ತೊಟ್ಟಿದ್ದ ಹೊಸ ಅಂಗಿ ಯಾರ ಕೈಯದು ಎಂದು ಮಾಸ್ಟರ್ ಕೇಳಲಿಲ್ಲ.

ಮತ್ತೆ ತೋರಿಸಿದಾಗ, "ಇನ್ನು ಪೂರ್ತಿ ಭಾರ ಹಾಕಿ, ಹೆದರಬೇಡಿ. ವಾಕರ್ ಬಿಟ್ಟು ನಡೀರಿ. ಮೊದಮೊದಲು ಯಾರದ್ದಾದ್ರೂ ಹೆಗಲು ಹಿಡ್ಕೊಳ್ಳಿ" ಎಂದರು ಡಾಕ್ಟರು.

ಮನೆಯಲ್ಲಿ ಇದ್ದದ್ದು ಒಂದೇ ಹೆಗಲು. ಬೆಳಿಗ್ಗೆ ಅವಳು ಬಂದು ಪಕ್ಕದಲ್ಲಿ ನಿಂತಳು. ಬೇಡ ಎಂದು ಅವನು ಗೋಡೆ ಹಿಡಿದು ಹೊರಟ. ನಡುಮನೆ ದಾಟುವಷ್ಟರಲ್ಲಿ ಗೋಡೆ ಮುಗಿಯಿತು, ಬಾಗಿಲು ಬಂತು. ಹಿಡಿಯಲು ಏನೂ ಇಲ್ಲದ ಆ ಜಾಗದಲ್ಲಿ ಅವನ ಕಾಲು ತತ್ತರಿಸಿತು. ಅವಳು ಕೈ ಚಾಚಲಿಲ್ಲ, ದೂರವೂ ಹೋಗಲಿಲ್ಲ.

"ಹಿಡ್ಕೋಬೇಕು ಅಂದ್ರೆ ಕೇಳಿ" ಎಂದಳು.

ಮಾಸ್ಟರನ ಹಣೆಯಲ್ಲಿ ಬೆವರು ಒಡೆಯಿತು. ಅವನು ಹೊಸ್ತಿಲ ಕಡೆ ನೋಡಿದ. ಆಮೇಲೆ, ಅವಳಿಗೆ ಕೇಳಿಸುವಷ್ಟು ಮಾತ್ರ, ಕೇಳಿದ.