ಬಾಟಲಿ ಕೊಡದೆ ತಂದ ಗಿಂಡಿ

ಗಂಡನ ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಬಾರ್ಕೂರಿನ ನಮ್ಮ ಮನೆಗೆ ಹಾಲು ಎಂದಿನಂತೆ ಬಂತು. ಕಾಯಿಸಿದೆ. ಅತ್ತೆ ಕಾಫಿ ಕುಡಿದರು. ಆಮೇಲೆ ಸುಶಾಂತನ ಓದುವ ಕೋಣೆಯ ಹೊರಗೆ ನಿಂತು, ಒಳಗೆ ನೋಡದೆ ಕೇಳಿದರು.

"ಅದ್ ಇನ್ನೂ ಅಲ್ಲೇ ಇತ್ತಾ?"

"ಇತ್ತ್ ಅತ್ತೆ."

"ಇವತ್ತೇ ಕೊಟ್ಟ್ ಬಾ. ಮನಿಯಂಗೆ ಇಪ್ಪುಕಾಗ. ಮಗ ಹೋದ. ಇನ್ನ್ ನೀನೊಬ್ಳ್ ಇದ್ದಿ."

ಅದು ಒಂದು ಹಿತ್ತಾಳೆಯ ಗಿಂಡಿ. ಮರವಂತೆಯ ಕಡಲ ಬದಿಯಲ್ಲಿ ಚಂದಯ್ಯನವರ ಮನೆಯವರು ನೋಡಿಕೊಳ್ಳುವ ದೈವದ ಗುಡಿಯದ್ದು. ವರ್ಷಕ್ಕೊಮ್ಮೆ ದೈವಕ್ಕೆ ಅದರಲ್ಲಿ ಸಾರಾಯಿ ಎರೆಯುತ್ತಾರೆ.

ನನ್ನ ಗಂಡ ಸುಶಾಂತ ಕುಂದಾಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ. ಸಂಶೋಧನಾ ಪತ್ರಿಕೆಯೊಂದು ಅವನಿಗೆ ಪರಿಶೀಲನೆಗೆಂದು ಲೇಖನ ಕಳಿಸಿತ್ತು, ಬರೆದವರ ಹೆಸರು ತೆಗೆದು. ಕರಾವಳಿಯಲ್ಲಿ ಮದ್ಯವನ್ನು ಕಾಣಿಕೆಯಾಗಿ ಕೊಡುವ ಪದ್ಧತಿಯ ಬಗ್ಗೆ. ಗಿಂಡಿಯಲ್ಲಿ ಎರೆಯುವುದು ಎಂದೋ ನಿಂತಿದೆ, ಈಗ ಬಾಟಲಿಯನ್ನೇ ಇಡುತ್ತಾರೆ ಎಂದು ಅದರಲ್ಲಿತ್ತು. ಸುಶಾಂತನಿಗೆ ಚಂದಯ್ಯನವರ ಪರಿಚಯವಿತ್ತು. ತಪ್ಪು ಎಂದು ಬರೆದರೆ ಸಾಲದು, ಫೋಟೋ ಕೊಡಬೇಕು ಎಂದು ಗಿಂಡಿಯನ್ನು ಕೇಳಿ ತಂದ.

ಗುಡಿಯ ವಸ್ತು ಹೊರಗೆ ಹೋಗುವುದಾದರೆ ದೈವಕ್ಕೆ ಬಾಟಲಿ ಕೊಡಬೇಕು. ಅದು ಆ ಮನೆಯ ಕಟ್ಟಳೆ. ಸುಶಾಂತ ಕೊಡಲಿಲ್ಲ. ಊಟಕ್ಕೆ ಕೂತಾಗ ಅದನ್ನು ಹೆಮ್ಮೆಯಿಂದಲೇ ಹೇಳಿದ.

"ಬಾಟ್ಲಿ ಕೊಟ್ಟ್ ಸಾಕ್ಷಿ ತಂದ್ರೆ ಅದೆಂಥ ಪರಿಶೀಲನೆ ಮಾರಾಯ್ತಿ?"

ಈ ವಿಷಯದಲ್ಲಿ ಅವನು ಬಗ್ಗುವವನಲ್ಲ. ಒಮ್ಮೆ ದೀಪಾವಳಿಗೆ ಪ್ರೊಫೆಸರೊಬ್ಬರು ಫಾರಿನ್ ಬಾಟಲಿ ಕಳಿಸಿದಾಗ ಹಾಗೆಯೇ ತಿರುಗಿ ಕಳಿಸಿದ್ದ. ಲೇಖನದ ಬಗ್ಗೆ ವರದಿ ಬರೆಯುವ ಮೊದಲು ಬಂದದ್ದು ಲಂಚ, ಬರೆದ ಮೇಲೆ ಬಂದದ್ದು ಉಡುಗೊರೆ ಎನ್ನುತ್ತಾರೆ, ಆದರೆ ಮುಂದಿನ ವರದಿ ಅಂತ ಒಂದು ಇದ್ದೇ ಇರುತ್ತದಲ್ಲ ಎಂದಿದ್ದ.

ಗಿಂಡಿ ತಂದ ವಾರದಲ್ಲೇ ಪೆಟ್ರೋಲ್ ಬಂಕಿನಲ್ಲಿ ಬೈಕ್ ಹಿಡಿದು ನಿಂತವನು ಕುಸಿದ. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಡಾಕ್ಟರು ಹೃದಯ ಎಂದರು. ಅತ್ತೆ ದೈವ ಎಂದರು. ನಾನು ಡಾಕ್ಟರನ್ನು ನಂಬಿದೆ. ಆದರೂ ಆ ಕೋಣೆಯಲ್ಲಿ ಗಿಂಡಿಗೆ ಬೆನ್ನು ಹಾಕಿ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ಗಿಂಡಿಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಬಾಟಲಿ ಬೇಡ ಎಂದುಕೊಂಡೇ ಹೊರಟೆ. ಅವನು ಕೊಡದಿದ್ದದ್ದನ್ನು ನಾನೇಕೆ ಕೊಡಲಿ? ಬ್ರಹ್ಮಾವರದಲ್ಲಿ ಬಸ್ಸು ಬದಲಿಸುವಾಗ ಎದೆ ಒಮ್ಮೆ ಬಡಿತ ತಪ್ಪಿದಂತಾಯಿತು. ಹೃದಯ ಎಂದಿದ್ದರಲ್ಲ. ಚೀಲವನ್ನು ಮೈಯಿಂದ ದೂರ ಹಿಡಿದು ರಸ್ತೆ ದಾಟಿದೆ. ವೈನ್ ಶಾಪಿನ ಮುಂದೆ ಗಂಡಸರು ಸರಿದು ದಾರಿ ಬಿಟ್ಟರು.

"ಎಂತ ಬೇಕಿತ್ತ್ ಅಕ್ಕ?"

"ಒಂದ್ ಬಾಟ್ಲಿ."

"ಮನುಷ್ಯರಿಗಾ, ದೈವಕ್ಕಾ?"

"ದೈವಕ್ಕೆ."

"ಹಾಂಗಾರೆ ಇದೇ ಸಾಕ್. ಅವ್ರ್ ಬ್ರ್ಯಾಂಡ್ ಕೇಂತ್ರಿಲ್ಲೆ. ಮನುಷ್ಯರದ್ದೇ ಕಷ್ಟ."

ಹಿಂದೆ ಯಾರೋ ನಕ್ಕರು. ಅಂಗಡಿಯವನು ನನ್ನ ಬರಿ ಹಣೆ ನೋಡಿದ. ಮತ್ತೆ ಮಾತಾಡದೆ ಪೇಪರಿನಲ್ಲಿ ಸುತ್ತಿ ಕೊಟ್ಟ.

ಬೈಂದೂರು ಬಸ್ಸಿನಲ್ಲಿ ಚೀಲವನ್ನು ಕಾಲಬುಡದಲ್ಲಿಟ್ಟು ಕೂತೆ. ಪ್ರತಿ ತಿರುವಿನಲ್ಲೂ ಗಿಂಡಿ ಬಾಟಲಿಗೆ ತಾಗುತ್ತಿತ್ತು. ಮರವಂತೆಯಲ್ಲಿ ಇಳಿದೆ.

ಚಂದಯ್ಯನವರು ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, ನನ್ನ ಬೆನ್ನ ಹಿಂದೆ ರಸ್ತೆಯವರೆಗೂ ನೋಡಿದರು.

"ಒಬ್ರೇ ಬಂದದ್ದಾ? ಹಿಂದೆ ಯಾರೂ ಇಲ್ಯಾ?"

"ಇಲ್ಲೆ."

ಒಳಗಿನಿಂದ ಅವರ ಹೆಂಡತಿ ಪದ್ದು ಕೂಗಿದರು. "ಯಾರ್ ಬಂದದ್ದ್?"

"ಮಾಷ್ಟ್ರ ಮನಿಯವ್ರ್. ನೀ ಒಳ್ಗೇ ಇರ್."

ನನ್ನನ್ನು ಬೇಗಬೇಗ ಗುಡಿಯ ಕಡೆಗೆ ಕರೆದುಕೊಂಡು ಹೋದರು. ಅಲೆ ತಡೆಯಲು ಹಾಕಿದ ಕಲ್ಲುಗಳ ಈಚೆಗೆ ಆಳೆತ್ತರದ ಗುಡಿ. ನಾನು ಹೊರಗೇ ನಿಂತೆ.

"ಬೈಯುಕ್ ಬಂದದ್ದಾ ಅಮ್ಮ?"

"ಇಲ್ಲೆ. ಗಿಂಡಿ ಕೊಡುಕ್ ಬಂದೆ."

ಅವರು ಕೈ ಚಾಚಲಿಲ್ಲ. "ಬಾಟ್ಲಿ ಇಲ್ದೆ ಕೊಟ್ಟದ್ದ್ ನಾನ್. ಮಾಷ್ಟ್ರ್ ಬೇಡ ಅಂದ್ರ್, ನಾನ್ ಆಯ್ತ್ ಅಂದೆ. ಅಷ್ಟ್ ಒಳ್ಳೆಯವ್ರ್, ಹೇಂಗ್ ಇಲ್ಲ ಅಂಬುದ್? ಸುದ್ದಿ ಕೇಂಡ್ ಮೇಲೆ ನಾನ್ ಕಡ್ಲಿಗೆ ಹೋಯಿಲ್ಲೆ. ಬೆನ್ನ್ ನೋವ್ ಅಂತ ಪದ್ದು ಹತ್ರ ಸುಳ್ಳ್ ಹೇಳ್ದೆ. ಇನ್ನ್ ನನ್ ಸರದಿಯೇ ಅಲ್ದಾ?"

ಬಾಟಲಿ ಕೊಡದಿದ್ದರಿಂದ ಏನೂ ಆಗಿಲ್ಲ ಎಂದು ಅವರ ಬಾಯಿಂದ ಕೇಳಲು ನಾನು ಬಂದಿದ್ದೆ. ಅವರು ಅದೇ ಮಾತಿಗಾಗಿ ನನ್ನ ಮುಖ ನೋಡುತ್ತಿದ್ದರು.

"ಡಾಕ್ಟ್ರ್ ಹೃದಯ ಅಂದಿರ್," ಅಂದೆ.

"ಬರ್ದ್ ಕೊಟ್ಟಿರಾ?"

"ಕೊಟ್ಟಿರ್."

"ಹೃದಯ," ಎಂದು ಅವರೂ ಒಮ್ಮೆ ಹೇಳಿ ನೋಡಿದರು. ಆಮೇಲೆ ಚೀಲ ನೋಡಿದರು. "ಒಂದೇ ತಂದದ್ದಾ? ಗಿಂಡಿ ಹೋಪತ್ತಿಗೆ ಒಂದ್, ಬಪ್ಪತ್ತಿಗೆ ಒಂದ್ ಅಂತ ಲೆಕ್ಕ."

ಇನ್ನೊಮ್ಮೆ ವೈನ್ ಶಾಪಿಗೆ ಹೋಗಿ, ಗಂಡಸರ ನಡುವೆ ನಿಂತು, ಈ ಚೀಲ ಹಿಡಿದು ಬರುವ ಧೈರ್ಯ ನನಗಿರಲಿಲ್ಲ. ಚಂದಯ್ಯನವರು ಗುಡಿಯ ಹಿಂದೆ ಬಗ್ಗಿ, ಒಡೆದ ಹಂಚೊಂದನ್ನು ಸರಿಸಿ, ಮರಳು ಮೆತ್ತಿದ ಬಾಟಲಿಯೊಂದನ್ನು ಎಳೆದು ತೆಗೆದರು.

"ಮಾಷ್ಟ್ರ್ ತೀರಿಹೋದ್ ದಿನವೇ ತಂದ್ ಇಟ್ಟದ್ದ್. ಆದ್ರೆ ಎರೂಕೆ ಗಿಂಡಿ ಬೇಕಲ್ದಾ?"

ನನ್ನ ಬಾಟಲಿಯನ್ನು ಅದರ ಪಕ್ಕದಲ್ಲಿ ಇಟ್ಟೆ. ಸುಶಾಂತ ಇದ್ದಿದ್ದರೆ ಲಂಚ ಎನ್ನುತ್ತಿದ್ದ. ಲಂಚವೇ. ಚಂದಯ್ಯನವರೂ ನಾನೂ ಬದುಕಬೇಕೆಂದು ಕೊಟ್ಟದ್ದು. ಬದುಕುವ ಆಸೆ ನನ್ನಲ್ಲಿ ಉಳಿದಿದೆ ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೆದರಿಕೆ ಇನ್ನೂ ಹೆಚ್ಚಾಯಿತು.

"ಕೊಡಿ ಅಮ್ಮ," ಎಂದು ಚಂದಯ್ಯನವರು ಕೊನೆಗೂ ಕೈ ಚಾಚಿದರು.

ಟವೆಲು ಬಿಚ್ಚಿ ಗಿಂಡಿ ಕೊಟ್ಟೆ. ಅವರು ಅದರ ಅಂಚನ್ನು ಎರಡು ಬೆರಳಲ್ಲಷ್ಟೇ ಹಿಡಿದರು. ಬಿದ್ದೀತೆಂದು ನಾನೂ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದೆ.