ಒಂದೇ ಮನೆಯವರು

ಆಫೀಸು ಮತ್ತೆ ತೆರೆದ ದಿನ ಮ್ಯಾನೇಜರು ಮದುವೆ ಮನೆಯ ಯಜಮಾನನ ಹಾಗೆ ಬಾಗಿಲಲ್ಲೇ ನಿಂತಿದ್ದರು. ಬಂದವರ ಅಂಗೈಗೆಲ್ಲ ತಾವೇ ಸ್ಯಾನಿಟೈಸರ್ ಒತ್ತಿ, "ಬನ್ನಿ ಬನ್ನಿ, ಅಂತೂ ಒಬ್ಬರ ಮುಖ ಒಬ್ಬರು ನೋಡೋ ಹಾಗಾಯ್ತು" ಎನ್ನುತ್ತಿದ್ದರು. ಮುಖವೇನೋ ಯಾರದೂ ಕಾಣುತ್ತಿರಲಿಲ್ಲ. ಮಾಸ್ಕಿನ ಮೇಲಿದ್ದ ಕಣ್ಣುಗಳಲ್ಲೇ ಎಲ್ಲರೂ ನಗಬೇಕಾಗಿತ್ತು.

ಅದು ವೈದ್ಯರಿಗೂ ಔಷಧಿ ಅಂಗಡಿಗಳಿಗೂ ಬೇಕಾದ ಪುಸ್ತಕಗಳನ್ನು ಅಚ್ಚು ಹಾಕಿಸುವ ಸಂಸ್ಥೆ. ಅಲ್ಲಿ ಕರಡು ತಿದ್ದುವವಳನ್ನು ಎಲ್ಲರೂ ತಿದ್ದಮ್ಮ ಎಂದೇ ಕರೆಯುತ್ತಿದ್ದರು. ಅವಳ ಗಂಡ ಅದೇ ಮೇಜಿನ ಆಚೆ ಬದಿಯಲ್ಲಿ ಕೂತು ಲೇಖಕರ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದ, ಅವಳು ಅಚ್ಚಿನ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯುತ್ತಿದ್ದಳು. ಗಂಟೆ ಬಾರಿಸಿದಂಥ ದನಿ ಅವನದು, ಹಾಗಾಗಿ ಅವನ ಹೆಸರು ಕಂಚು. ಔಷಧಿಯ ಪುಸ್ತಕದಲ್ಲಿ ಒಂದು ಚುಕ್ಕಿ ಆಚೀಚೆಯಾದರೆ ಯಾರದೋ ಜೀವಕ್ಕೆ ಕುತ್ತು ಬರುತ್ತದೆ. ಅದಕ್ಕೇ ಅಲ್ಲಿ ಕಣ್ಣೊಂದನ್ನೇ ನಂಬುವ ಪದ್ಧತಿ ಇರಲಿಲ್ಲ, ಕಿವಿಯೂ ಸಾಕ್ಷಿ ಹೇಳಬೇಕಿತ್ತು.

ಒಳಗೆ ಹೋದರೆ ಪ್ರತಿ ಮೇಜಿನ ಸುತ್ತ ಗಾಜಿನ ಗೋಡೆ. ಜನ ಮೀನಿನ ತೊಟ್ಟಿಯಲ್ಲಿ ಕೂತ ಹಾಗೆ ಕೂತಿದ್ದರು. ಕಿಟಕಿಯ ಪಕ್ಕದ ಒಂದೇ ಒಂದು ಮೇಜಿಗೆ ಗಾಜು ಇರಲಿಲ್ಲ.

"ಇದು ನಿಮ್ಮಿಬ್ಬರದು" ಎಂದು ಮ್ಯಾನೇಜರು ಹೆಮ್ಮೆಯಿಂದ ತೋರಿಸಿದರು. "ಒಂದೇ ಮನೆಯವರು ಹತ್ತಿರ ಕೂರಬಹುದು ಅಂತ ನಿಯಮದಲ್ಲೇ ಇದೆ. ಮಾಸ್ಕ್ ತೆಗೆದು ಆರಾಮಾಗಿ ಓದಿ. ಮೂಗಿಗೆ ಬಟ್ಟೆ ಕಟ್ಕೊಂಡು ಓದಿದ್ರೆ ಹದಿಮೂರೋ ಮೂವತ್ತೋ ಯಾರಿಗೆ ಗೊತ್ತಾಗುತ್ತೆ?"

ತಿದ್ದಮ್ಮ ಗಂಡನ ಕಡೆ ನೋಡಿದಳು, ಅವನು ಹೇಳಲಿ ಎಂದು. ಅವನು ಅವಳ ಕಡೆ ನೋಡಿದ, ಅವಳೇ ಹೇಳಲಿ ಎಂದು. ಮ್ಯಾನೇಜರು ಆ ನೋಟಕ್ಕೆ ಬೇರೆಯೇ ಅರ್ಥ ಕಟ್ಟಿ, "ನೋಡಿ, ಇನ್ನೂ ಹೊಸ ಜೋಡಿ ಥರ" ಎಂದರು. ಗಾಜಿನೊಳಗಿದ್ದವರೆಲ್ಲ ನಕ್ಕರು. ನಕ್ಕ ಮೇಲೆ ಬಾಯಿ ಬಿಡುವುದು ಇನ್ನೂ ಕಷ್ಟವಾಯಿತು.

ಅವರು ಒಂದೇ ಮನೆಯವರಾಗಿರಲಿಲ್ಲ. ಹೋದ ವರ್ಷ ಎಲ್ಲವೂ ಮುಚ್ಚಿದ್ದಾಗ ಎರಡು ಕೋಣೆಯ ಮನೆಯಲ್ಲಿ ಹಗಲೆಲ್ಲ ಅವನು ಓದುವುದು, ಅವಳು ತಿದ್ದುವುದು. ಕೆಲಸ ಮುಗಿದ ಮೇಲೂ ಅದೇ. ಅವನು ನೀರು ಕುಡಿದ ಲೋಟ ಇಟ್ಟ ಜಾಗ ತಪ್ಪು, ಫೋನಿನಲ್ಲಿ ಅಕ್ಕನಿಗೆ ಹೇಳಿದ ಮಾತು ತಪ್ಪು, ಹೇಳದೆ ಬಿಟ್ಟದ್ದೂ ತಪ್ಪು. ಅವನೋ, ಬೈದರೆ ತಿರುಗಿ ಬೈಯುವ ಪೈಕಿಯಲ್ಲ. ಉರಿಯುವುದನ್ನೆಲ್ಲ ಒಳಗೆ ಹಾಕಿ ಮುಚ್ಚಳ ಮುಚ್ಚುವವನು. ಒಂದು ಮಧ್ಯಾಹ್ನ ಮುಚ್ಚಳ ಹಾರಿತು. "ನಾನೇನು ನಿನ್ನ ಕರಡಲ್ಲ" ಎಂದವನೇ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೊರಟುಹೋದ. ಆಮೇಲೂ ಫೋನಿನಲ್ಲಿ ಓದುವ ಕೆಲಸ ನಿಲ್ಲಲಿಲ್ಲ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಇಷ್ಟೇ ಮಾತು. 'ನೀನು' ಹೋಗಿ 'ನೀವು' ಬಂದಿತ್ತು.

ಅವನು ಹೋದ ಮೇಲೆ ತಿದ್ದಮ್ಮನ ಅಪ್ಪ ಬಂದು ಅವಳ ಜೊತೆ ಇದ್ದರು. ಆಯುಷ್ಯವೆಲ್ಲ ಲಾರಿ ಓಡಿಸಿ, ಹೊಗೆ ಕುಡಿದು ಕುಡಿದು ಪುಪ್ಪುಸ ಹಾಳು ಮಾಡಿಕೊಂಡ ಮನುಷ್ಯ. "ನೀನು ಒಬ್ಳೇ ಇರ್ತೀಯಾ ಅಂತ ಬಂದಿಲ್ಲಮ್ಮ, ಒಬ್ನೇ ಟಿ.ವಿ. ನೋಡೋಕೆ ಬೇಜಾರು" ಎಂದಿದ್ದರು. ಅಳಿಯನ ಸುದ್ದಿ ಎತ್ತುತ್ತಿದ್ದುದು ಒಂದೇ ಬಗೆಯಲ್ಲಿ: "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನೀವು ಎಷ್ಟು ಸಲ ಉಂಡ್ರಿ, ಎಷ್ಟು ಸಲ ಮಲಗಿದ್ರಿ, ಲೆಕ್ಕವೇ ತಪ್ಪಿಹೋಯ್ತು."

ಮೊದಲ ದಿನ ಸಂಜೆ ಇಬ್ಬರೂ ಔಷಧಿ ಅಂಗಡಿಯ ಮೂಲೆಯವರೆಗೆ ಜೊತೆಯಾಗಿ ನಡೆದರು. ಅಲ್ಲಿಂದ ಅವಳ ದಾರಿ ಎಡಕ್ಕೆ, ಅವನ ಬಸ್ಸು ಬಲಕ್ಕೆ.

"ನೀವೇ ಹೇಳಬಹುದಿತ್ತು" ಎಂದಳು.

"ನೀವೂ ಹೇಳಬಹುದಿತ್ತು."

"ಬೇರೆ ಬೇರೆ ಮನೆಯವರು ಅಂತ ಆ ಇನ್ನೊಂದು ಜೋಡೀನ ಏನು ಮಾಡಿದ್ರು ನೋಡಿದ್ರಲ್ಲ. ಓದೋನನ್ನ ಗೋದಾಮಿಗೆ ಹಾಕಿದ್ರು, ತಿದ್ದೋಳನ್ನ ಕೆಲಸ ಬಿಡಿಸಿ ಮನೆಗೇ ಕಳಿಸಿದ್ರು. ನಮ್ಮಲ್ಲಿ ಮನೆಗೆ ಹೋಗೋರು ಯಾರು?"

ಅವನು ಚೀಲದ ಪಟ್ಟಿ ಸರಿಮಾಡಿಕೊಂಡ. "ಈ ಪುಸ್ತಕ ಮುಗೀಲಿ. ಆಮೇಲೆ ನೋಡೋಣ."

ಹಾಗೆ ಸುಳ್ಳಿಗೆ ಕಾಲು ಬಂದವು. ದಿನಾ ಬೆಳಿಗ್ಗೆ ಅದೇ ಮೂಲೆಯಲ್ಲಿ ಒಬ್ಬರಿಗೊಬ್ಬರು ಕಾದು, ಜೊತೆಯಾಗಿ ಗೇಟಿಗೆ ಹೋಗುವುದು. ಗೇಟಿನ ಕಾವಲುಗಾರ ಹಣೆಗೆ ಜ್ವರದ ಯಂತ್ರ ಹಿಡಿದು, "ಮನೇಲಿ ಯಾರಿಗಾದ್ರೂ ಜ್ವರ, ಕೆಮ್ಮು?" ಎಂದು ಇಬ್ಬರಿಗೂ ಸೇರಿಸಿ ಒಂದೇ ಸಲ ಕೇಳುತ್ತಿದ್ದ. ಮನೆ ಒಂದೇ ಅಲ್ಲವೇ? ತಿದ್ದಮ್ಮ "ಇಲ್ಲ" ಎನ್ನುತ್ತಿದ್ದಳು.

ವಾರ ಮುಗಿಯುತ್ತ ಬಂದಿತ್ತು. ಮಕ್ಕಳ ಔಷಧಿಯ ಅಧ್ಯಾಯ ಅದು, ಪುಸ್ತಕದಲ್ಲೇ ತೀರ ನಾಜೂಕಿನದು. ಅವನು ಓದುತ್ತಿದ್ದ, ಅವಳ ಪೆನ್ಸಿಲು ಸಾಲಿನ ಕೆಳಗೆ ಹರಿಯುತ್ತಿತ್ತು.

"ದಿನಕ್ಕೆ ಎರಡು ಸಲ, ಐದು ಮಿಲಿಗ್ರಾಂ."

ಪೆನ್ಸಿಲು ನಿಂತಿತು. ಕರಡಿನಲ್ಲಿದ್ದುದು ಸೊನ್ನೆ ಪಾಯಿಂಟ್ ಐದು.

"ಇನ್ನೊಂದು ಸಲ ಓದಿ."

"ಐದು."

ಅವಳು ಎದ್ದು ಮೇಜಿನ ಮೇಲೆ ಬಗ್ಗಿ ಮೂಲ ಪ್ರತಿ ನೋಡಿದಳು. ಸೊನ್ನೆ ಪಾಯಿಂಟ್ ಐದು ಎಂದೇ ಇತ್ತು, ಕಣ್ಣಿಗೆ ಹೊಡೆಯುವಷ್ಟು ದಪ್ಪ ಅಕ್ಷರದಲ್ಲಿ. ಮದುವೆಗೆ ಮುಂಚಿನಿಂದ ಅವನ ಓದು ಕೇಳಿದವಳು ಅವಳು. ಅವನು ಅಂಕಿ ತಪ್ಪಿದ್ದನ್ನು ಒಂದು ಸಲವೂ ಕಂಡಿರಲಿಲ್ಲ. ತಲೆಯೆತ್ತಿ ನೋಡಿದರೆ ಅವನ ಕಣ್ಣು ಕಾಗದದ ಮೇಲಿರಲಿಲ್ಲ, ಮಡಿಲಲ್ಲಿದ್ದ ಫೋನಿನ ಮೇಲಿತ್ತು.

"ಏನಾಯ್ತು?"

ಅವನು ತುಟಿ ಒರೆಸಿಕೊಂಡ. "ಭಾವನಿಗೆ ಪಾಸಿಟಿವ್ ಅಂತ ಬಂದಿದೆ. ಅಕ್ಕ ಈಗ ಮೆಸೇಜ್ ಹಾಕಿದ್ಲು."

"ಯಾವಾಗಿಂದ ಜ್ವರ?"

ಅವನು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ.

"ಯಾವಾಗಿಂದ?"

"ಮೊನ್ನೆಯಿಂದ ಮೈ ಬೆಚ್ಚಗಿತ್ತು. ಫ್ಯಾನಿನ ಕೆಳಗೆ ಮಲಗಿ ಶೀತ ಆಗಿದೆ ಅಂದ್ರು. ನಾನೂ ಅದೇ ಅಂದ್ಕೊಂಡೆ."

ಮೊನ್ನೆಯಿಂದ. ಮೊನ್ನೆಯಿಂದ ಗೇಟಿನಲ್ಲಿ ತಾನು "ಇಲ್ಲ" ಎನ್ನುವಾಗ ಇವನು ನೆಲ ನೋಡುತ್ತಿದ್ದುದು ಅವಳಿಗೆ ಈಗ ಹೊಳೆಯಿತು. ಒಂದು ಮೊಳ ದೂರದಲ್ಲಿ, ಮಾಸ್ಕಿಲ್ಲದ ಬಾಯಿಂದ ಇಡೀ ದಿನ ತನ್ನ ಮುಖಕ್ಕೆ ಓದಿದ್ದಾನೆ. ತಾನು ಅದೇ ಉಸಿರನ್ನು ಹೊತ್ತುಕೊಂಡು ಹೋಗಿ ಅಪ್ಪನ ಪಕ್ಕ ಕೂತು ಟಿ.ವಿ. ನೋಡಿದ್ದೇನೆ.

"ಅಪ್ಪ ಮನೇಲಿದ್ದಾರೆ ಅಂತ ಗೊತ್ತಿಲ್ವಾ ನಿನಗೆ?" ಎಂದಳು. ದನಿ ಏರಿರಲಿಲ್ಲ, ಹಲ್ಲಿನ ನಡುವೆ ಬಂದಿತ್ತು.

"ಕೂಗಬೇಡ. ನಾನು ತಲೆನೋವು ಅಂತ ಹೇಳಿ ಈಗಲೇ ಹೋಗ್ಬಿಡ್ತೀನಿ. ನಿನ್ನ ಹೆಸರು ಎಲ್ಲೂ ಬರಲ್ಲ. ನೀನು ಉಳಿದದ್ದು ಮುಗಿಸು, ನಿನ್ನ ಕೆಲಸವಾದ್ರೂ ಉಳಿಯುತ್ತೆ."

ಒಂದು ಕ್ಷಣ ಅವಳು ಅದನ್ನೇ ಯೋಚಿಸಿದಳು. ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಅವನು ಹೋಗಲಿ, ತಾನು ಬಾಯಿ ಮುಚ್ಚಿಕೊಂಡು ಕರಡು ತಿದ್ದಲಿ, ಹಾವೂ ಸಾಯದೆ ಕೋಲೂ ಮುರಿಯದೆ ವಾರ ಕಳೆದುಹೋಗಲಿ. ಅಷ್ಟರಲ್ಲಿ ಆಚೆಯ ಗಾಜಿನೊಳಗೆ ಸೂಚಿಯಕ್ಕ ಡಬ್ಬಿ ಬಿಚ್ಚುತ್ತಿದ್ದುದು ಕಂಡಿತು. ಪುಸ್ತಕಗಳ ಕೊನೆಗೆ ಪದಗಳ ಸೂಚಿ ಮಾಡುವ ಹಿರಿಯಾಕೆ. ಆಕೆಯ ಮನೆಯಲ್ಲಿ ಸೊಸೆ ಬಾಣಂತಿ. ಬೆಳಿಗ್ಗೆ ಇದೇ ಕಂಚು ಆಕೆಯ ಮೇಜಿನ ಬಳಿ ನಿಂತು ಮಗುವಿನ ಫೋಟೋ ನೋಡಿ ಬಂದಿದ್ದ.

ತಿದ್ದಮ್ಮ ಮಾಸ್ಕ್ ಹಾಕಿಕೊಂಡಳು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗೋಡೆಯವರೆಗೆ ಸರಿದು ನಿಂತಳು.

"ಸರ್, ಅಲ್ಲೇ ನಿಂತು ಕೇಳಿ. ಹತ್ತಿರ ಬರಬೇಡಿ. ಇವರಿರೋ ಮನೇಲಿ ಒಬ್ಬರಿಗೆ ಪಾಸಿಟಿವ್ ಬಂದಿದೆ."

ಮ್ಯಾನೇಜರು ಅರ್ಧ ಎದ್ದವರು ಹಾಗೇ ನಿಂತರು. "ಇವರಿರೋ ಮನೆ ಅಂದ್ರೆ? ನಿಮ್ಮನೇನಾ?"

"ಅಲ್ಲ. ಅವರ ಅಕ್ಕನ ಮನೆ. ನಾವು ಒಂದೇ ಮನೇಲಿಲ್ಲ. ಹೋದ ವರ್ಷದಿಂದಲೇ ಇಲ್ಲ."

ಯಾರದೋ ಚಮಚ ಕೆಳಗೆ ಬಿತ್ತು. ಕಂಚು ತಲೆ ತಗ್ಗಿಸಿ ಕಾಗದಗಳ ಅಂಚು ಜೋಡಿಸುತ್ತಲೇ ಇದ್ದ.

"ನಿಮ್ಮನ್ನ ನಂಬಿ ಗಾಜು ತೆಗೆಸಿದೆನಲ್ರೀ!" ಎಂದರು ಮ್ಯಾನೇಜರು. "ಒಂದು ಮಾತು, ಒಂದೇ ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

ಸೂಚಿಯಕ್ಕ ಡಬ್ಬಿಯ ಮುಚ್ಚಳ ಹಾಕಿದರು. "ಬೇರೆ ಇರೋದು ನಮಗೇನು ಗೊತ್ತಿಲ್ದೆ ಇರಲಿಲ್ಲ. ವಿಡಿಯೋ ಮೀಟಿಂಗಲ್ಲಿ ಇವಳ ಹಿಂದೆ ಹಸಿರು ಗೋಡೆ, ಅವನ ಹಿಂದೆ ಗುಲಾಬಿ ಗೋಡೆ. ಎರಡು ಕೋಣೆ ಮನೆಗೆ ಎಷ್ಟು ಬಣ್ಣ ಹೊಡೀತಾರೆ? ನಿಮ್ಮ ಸಂಸಾರ, ನಿಮ್ಮಿಷ್ಟ ಅಂತ ಸುಮ್ನಿದ್ವಿ." ಆಮೇಲೆ ಕಂಚಿನ ಕಡೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಆದ್ರೆ ಜ್ವರದ ವಿಷಯ ಬಚ್ಚಿಟ್ಯಲ್ಲಪ್ಪ. ನಮ್ಮನೇಲಿ ಹಸುಗೂಸಿದೆ. ಫೋಟೋ ನೋಡಿ ಮುದ್ದಾಗಿದೆ ಅಂದ್ಯಲ್ಲ."

ಆ ಮಧ್ಯಾಹ್ನವೇ ಆಫೀಸಿಗೆ ಬೀಗ ಬಿತ್ತು.

ತಿದ್ದಮ್ಮ ಮನೆಯ ಕೆಳಗಿನ ಬೀದಿಯಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಪೂರಾ ಕೇಳಿ, "ಸರಿ, ನೀನು ಒಳಗಿನ ಕೋಣೆ ತಗೋ. ನಾನು ಟಿ.ವಿ. ಬಿಟ್ಟು ಎಲ್ಲೂ ಹೋಗೋನಲ್ಲ, ನಿನಗೆ ಗೊತ್ತಲ್ಲ. ಬಾಗಿಲು ತೆಗೆದಿಟ್ಟು ಬಚ್ಚಲಲ್ಲಿ ನಿಂತಿರ್ತೀನಿ, ನೀನು ಒಳಗೆ ಹೋಗಿ ಚಿಲಕ ಹಾಕ್ಕೋ" ಎಂದರು.

ಕೋಣೆಯೊಳಗೆ ಕೂತು ಅವಳು ಮಾಡಿದ ಕೆಲಸ ಒಂದೇ, ಹಜಾರದ ಕಡೆಗೆ ಕಿವಿ ಇಟ್ಟುಕೊಂಡಿರುವುದು. ಅಪ್ಪ ಕೆಮ್ಮಿದರೆ ಎಣಿಸುತ್ತಿದ್ದಳು. ಇದು ಹಳೆಯ ಕೆಮ್ಮೋ ಹೊಸದೋ? ಕೆಮ್ಮದಿದ್ದರೆ ಇನ್ನೂ ಭಯ. "ಅಪ್ಪಾ?" ಎಂದು ಕರೆದರೆ, "ಬದುಕಿದ್ದೀನಿ, ಜಾಹೀರಾತು ನೋಡ್ತಿದ್ದೀನಿ" ಎಂಬ ಉತ್ತರ ಬರುತ್ತಿತ್ತು.

ಮ್ಯಾನೇಜರು ಫೋನ್ ಮಾಡಿದರು. ಕೋಪ ಇಳಿದಿರಲಿಲ್ಲ, ಆದರೆ ಪುಸ್ತಕ ನಿಲ್ಲುವಂತಿರಲಿಲ್ಲ. ಹಿಂದಿನ ವರ್ಷದ ಹಾಗೆಯೇ ಓದಿ ಮುಗಿಸಿ ಎಂದರು. ಮರುದಿನ ಬೆಳಿಗ್ಗೆ ತಿದ್ದಮ್ಮ ಕಂಚಿಗೆ ಕರೆ ಮಾಡಿದಳು. ಎರಡು ಪುಟ ಓದುವಷ್ಟರಲ್ಲಿ ಅವನ ದನಿ ಒಡೆದ ಮಡಕೆಯ ಹಾಗಾಯಿತು. ಮೂರನೆಯದು ಕೆಮ್ಮಿನಲ್ಲೇ ಮುಳುಗಿತು. "ನಾಳೆ ಓದ್ತೀನಿ" ಎಂದ. ಮಾರನೆಯ ದಿನ ಫೋನು ಎತ್ತಿದವಳು ಅವನ ಅಕ್ಕ. ಆಕೆಗೂ ತಿದ್ದಮ್ಮನಿಗೂ ಮಾತು ನಿಂತು ವರ್ಷವಾಗಿತ್ತು.

"ಅವನಿಗೆ ಉಸಿರು ಸಾಲ್ತಿಲ್ಲ. ಆಂಬುಲೆನ್ಸ್ ಬರ್ತಾ ಇದೆ." ಅಕ್ಕ ಬಿಕ್ಕುತ್ತಿದ್ದಳು. "ಒಳಗೆ ಯಾರನ್ನೂ ಬಿಡಲ್ವಂತೆ. ಏನೇ ಆದ್ರೂ ಫೋನ್ ಮಾಡೋಕೆ ಒಬ್ಬರ ನಂಬರ್ ಕೊಡಿ ಅಂತಾರೆ, ಮನೆಯವರದ್ದು. ಇಲ್ಲಿ ಇವರೂ ಮಲಗಿದ್ದಾರೆ, ನನಗೂ ಜ್ವರ. ಯಾರದ್ದು ಕೊಡ್ಲಿ ಹೇಳು?"

"ನಂದೇ ಕೊಡಿ" ಎಂದಳು ತಿದ್ದಮ್ಮ.

ಆ ಮೇಲಿನ ದಿನಗಳು ಒಂದು ಫೋನ್ ಕರೆಯ ಸುತ್ತ ತಿರುಗಿದವು. ಸಂಜೆ ನರ್ಸ್ ಫೋನ್ ಮಾಡಿ ಅವನ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಂಕಿ ಹೇಳುತ್ತಿದ್ದಳು. ಒಂದು ಸಂಜೆ ಹೇಳಿದ ಅಂಕಿ ಎಷ್ಟು ಕೆಳಗಿತ್ತೆಂದರೆ, ತಿದ್ದಮ್ಮ ಅಭ್ಯಾಸಬಲದಿಂದ "ಇನ್ನೊಂದು ಸಲ ಓದಿ" ಎಂದುಬಿಟ್ಟಳು. ನರ್ಸ್ ಅದೇ ಅಂಕಿ ಹೇಳಿದಳು. ತಿದ್ದಲು ಅಲ್ಲೇನೂ ಇರಲಿಲ್ಲ.

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತಿತ್ತು. ಅವಳು ತನ್ನ ಬಳಿಯಿದ್ದ ಮೂಲ ಪ್ರತಿಯ ಜೆರಾಕ್ಸನ್ನು ಬಾಗಿಲ ಸಂದಿಯಿಂದ ಹಜಾರಕ್ಕೆ ತಳ್ಳಿದಳು. ಅಪ್ಪ ಅದನ್ನು ಬಿಸಿಲಿಗೆ ಹಾಕಿಟ್ಟು, ಆಮೇಲೆ ಕನ್ನಡಕ ಏರಿಸಿ ಮುಚ್ಚಿದ ಬಾಗಿಲಿನಾಚೆ ಕೂತು ಓದತೊಡಗಿದರು. ಔಷಧಿಗಳ ಹೆಸರನ್ನು ಹಳ್ಳದಿಣ್ಣೆಯ ರಸ್ತೆಯಲ್ಲಿ ಲಾರಿ ಓಡಿಸಿದ ಹಾಗೆ ಓದುತ್ತಿದ್ದರು. "ಇದ್ಯಾವನಮ್ಮ ಹೆಸರಿಟ್ಟವನು? ಇದನ್ನ ನುಂಗೋಕಿಂತ ಹೇಳೋದೇ ಕಷ್ಟ." ಅಂಕಿಗಳನ್ನು ಮಾತ್ರ ಬಿಡಿಬಿಡಿಸಿ, ಚುಕ್ಕಿ ಬಂದ ಕಡೆ ಬ್ರೇಕ್ ಹಾಕಿ ಹೇಳುತ್ತಿದ್ದರು. ಅವಳು ಬಾಗಿಲಿಗೆ ಕಿವಿಯಾನಿಸಿ ಗುರುತು ಹಾಕಿದಳು. ಕಣ್ಣೀರು ಕರಡಿನ ಮೇಲೆ ಬೀಳದ ಹಾಗೆ ಕಾಗದವನ್ನು ದೂರ ಹಿಡಿದಳು. ಪುಸ್ತಕ ತಡವಾದರೂ ಅಚ್ಚಿಗೆ ಹೋಯಿತು.

ಅವಳ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಅಪ್ಪನದರಲ್ಲೂ ಇಲ್ಲ. ಸೂಚಿಯಕ್ಕನ ಮನೆಯ ಕೂಸಿಗೂ ಏನೂ ಆಗಲಿಲ್ಲ. ಹಾಗಿದ್ದೂ ಆಕೆ ಕಂಚಿನೊಡನೆ ಮಾತು ಬಿಟ್ಟದ್ದು ಬಿಟ್ಟದ್ದೇ. ಅವನು ಆಸ್ಪತ್ರೆಯಿಂದ ಬರುವಾಗ ಆ ಗಂಟೆಯಂಥ ದನಿ ಹೋಗಿಯೇಬಿಟ್ಟಿತ್ತು. ಒಂದು ಪುಟ ಓದಿದರೆ ಏದುಸಿರು ಬರುತ್ತಿತ್ತು. ಮ್ಯಾನೇಜರು ಅವನನ್ನು ಚಿತ್ರಗಳ ವಿಭಾಗಕ್ಕೆ ಹಾಕಿದರು. ತಿದ್ದಮ್ಮನ ಎದುರು ಓದಲು ಗೋದಾಮಿನಿಂದ ಹಳೆಯ ಓದುಗನನ್ನು ಕರೆಸಿದರು. ಒಟ್ಟಿನಲ್ಲಿ ಗಂಡ ಹೆಂಡಿರಿಬ್ಬರ ಕೆಲಸವೂ ಉಳಿಯಿತು.

ಮನೆಗಳು ಎರಡೇ ಉಳಿದವು. ಒಂದು ಭಾನುವಾರ ಅವನು ಮಾವನನ್ನು ನೋಡಲು ಬರುತ್ತೇನೆಂದು ಕೇಳಿದ, ಅವಳು ಬನ್ನಿ ಎಂದಳು. ಬಸ್ಸಿನಿಂದ ಇಳಿದವನ ಅಂಗಿ ಬೇರೆಯವರದೆಂಬಷ್ಟು ದೊಗಳೆಯಾಗಿತ್ತು. ಅವಳ ಹಿಂದೆ ಹತ್ತುತ್ತಿದ್ದವನು ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತುಬಿಟ್ಟ.

"ಅವತ್ತು ಗೇಟಲ್ಲೇ ಹೇಳಬೇಕಿತ್ತು" ಎಂದ, ಉಸಿರಿನ ನಡುವೆ. "ನಿಮ್ಮಪ್ಪನಿಗೆ ಏನಾದ್ರೂ ಆಗಿದ್ರೆ..."

"ಆಗಿದ್ರೆ ಇವತ್ತು ನಿಮ್ಮನ್ನ ಈ ಮೆಟ್ಟಿಲು ಹತ್ತಿಸ್ತಿರಲಿಲ್ಲ" ಎಂದಳು. ಅದು ಬರೀ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವನು ತಲೆಯಾಡಿಸಿದ. ಅವಳು ಮೇಲಕ್ಕೆ ಹೋಗಲಿಲ್ಲ, ಕೆಳಗಿಳಿದು ಕೈಯನ್ನೂ ಕೊಡಲಿಲ್ಲ. ಅವನ ಉಸಿರು ಹದಕ್ಕೆ ಬರುವವರೆಗೆ ಅಲ್ಲೇ ಮೆಟ್ಟಿಲ ಮೇಲೆ ನಿಂತಳು. ಮೇಲಿನಿಂದ ಅಪ್ಪ ಚಿಲಕ ತೆಗೆದ ಸದ್ದು ಕೇಳಿತು.